ಗಂಡನ ಶರಟಿನಲ್ಲಿ ಸನ್ಮಾನ

ಮೊದಲ ಸಲ ನನಗೆ ಬಿ.ಪಿ. ಗುಳಿಗೆ ಬರೆದುಕೊಡುವಾಗ ಡಾಕ್ಟರು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಿದರು. "ಮನೆಯಲ್ಲಿ ಯಾರಿಗೂ ಇಲ್ಲ ಡಾಕ್ಟ್ರೇ, ಹುಲಿಕಲ್ ರಸ್ತೆಯಲ್ಲಿ ಒಬ್ಬರಿದ್ದಾರೆ, ಅವರಿಂದ ಬಂದಿದ್ದು" ಎಂದೆ. ಅವರು ನಗಲಿಲ್ಲ. ನಾನೂ ತಮಾಷೆಗೆ ಹೇಳಿರಲಿಲ್ಲ.

ಹುಲಿಕಲ್ ರಸ್ತೆಯ ಆ ಒಬ್ಬರು ಕಳೆದ ತಿಂಗಳು ತೀರಿಕೊಂಡರು. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಿದ್ದವರು. ಪತ್ರಿಕೆಗಳು ಹೆಸರು, ಊರು, ಪ್ರಶಸ್ತಿ ಎಲ್ಲ ಹಾಕಿ ಬರೆದಿವೆ. ನಾನು ಹೆಸರು ಹಾಕುವುದಿಲ್ಲ. ಬದುಕಿದ್ದಾಗ ಅದಕ್ಕೇ ನನ್ನ ಜೊತೆ ಜಗಳ ಆಡುತ್ತಿದ್ದರು. "ಗೋಡೆಗೆ ಯಾರಾದ್ರೂ ಹೆಸ್ರು ಬರೀತಾರಾ ಮಾರಾಯ್ರೆ? ಗೋಡೆ ಮನೆಯವ್ರದ್ದು. ಮದ್ವೆ ಹುಡ್ಗೀದು. ನಂದೆಂತದು ಅಲ್ಲಿ?"

ನಾನು ಹೊಸನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ನನ್ನ ವಿದ್ಯಾರ್ಥಿನಿಯೊಬ್ಬಳ ಅಕ್ಕನ ಮದುವೆಗೆ ಹೋದಾಗ ಆ ಗೋಡೆ ನೋಡಿದೆ. ನೋಡುತ್ತ ನಿಂತು ಎರಡನೇ ಪಂಕ್ತಿಯೂ ತಪ್ಪಿತು, ಮೂರನೆಯದರಲ್ಲಿ ಕೂತರೆ ಪಾಯಸ ಮುಗಿದಿತ್ತು. ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಎರಡೇ ವಾರಕ್ಕೆ ಟಿ.ವಿ.ಯವರು ಅವರ ಅಂಗಳದಲ್ಲಿದ್ದರು. ಅಲ್ಲಿಂದ ಮುಂದೆ ಎರಡು ವರ್ಷ, ನಾನು ಅವರನ್ನು ಕಂಡುಹಿಡಿದೆ ಎಂದು ಹೇಳಿಕೊಂಡು ತಿರುಗಿದೆ. ಅವರೇನೂ ಕಳೆದುಹೋಗಿರಲಿಲ್ಲ. ಸುತ್ತ ಹತ್ತೂರಿನಲ್ಲಿ ಹೆಣ್ಣು ಗೊತ್ತಾದ ಕೂಡಲೇ ಮೊದಲು ಹೇಳಿ ಬರುತ್ತಿದ್ದದ್ದು ಅವರ ಮನೆಗೆ. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ.

ಕಂಡುಹಿಡಿದ ತಪ್ಪಿಗೆ ಅವರನ್ನು ಸಭೆ ಸಮಾರಂಭಗಳಿಗೆ ಕರೆದೊಯ್ಯುವ ಕೆಲಸವೂ ನನ್ನ ತಲೆಗೇ ಬಂತು. ಫೋನು ನನಗೇ ಬರುತ್ತಿತ್ತು. ಯಾಕೆಂದರೆ ಅವರು ತಮ್ಮ ಫೋನನ್ನು ಎತ್ತಿ, "ಅವ್ರು ಮನೇಲಿಲ್ಲ" ಎಂದು ತಮ್ಮ ದನಿಯಲ್ಲೇ ಹೇಳಿ ಇಡುತ್ತಿದ್ದರು.

ಅವರ ಉಡುಪಿನ ವಿಷಯ ಈಗಲೇ ಹೇಳಿಬಿಡಬೇಕು, ಗಲಾಟೆಯೆಲ್ಲ ಅದರದ್ದೇ. ವಾಯಿಲ್ ಸೀರೆ, ಅದರ ಮೇಲೆ ಗಂಡನ ಉದ್ದ ತೋಳಿನ ಶರಟು. ನಮ್ಮ ಕಡೆ ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರು ಹೀಗೆ ಶರಟು ತೊಡುವುದು ಹೊಸದೇನಲ್ಲ. ಬಿಸಿಲು, ಮುಳ್ಳು, ತುರಿಕೆ, ಎಲ್ಲಕ್ಕೂ ಒಳ್ಳೆಯದು. ಆದರೆ ಪೇಟೆಗೆ ಹೊರಡುವಾಗ ತೆಗೆದು ಬಟ್ಟೆ ಒಣಗಿಸುವ ಗಳಕ್ಕೆ ಹಾಕಿ ಬರುತ್ತಾರೆ. ಇವರು ತೆಗೆಯುತ್ತಿರಲಿಲ್ಲ. ಅದಕ್ಕಿದ್ದ ಒಂದೇ ಜೇಬಿನಲ್ಲಿ ಕನ್ನಡಕ, ಎಲೆ ಅಡಿಕೆಯ ಪ್ಲಾಸ್ಟಿಕ್ ಚೀಲ, ಮೊಬೈಲು, ಎರಡು ಕುಂಚ. ಬರೆಯುವಾಗ ಕುಂಚ ಒರೆಸಿ ಒರೆಸಿ ಎಡತೋಳು ಗಂಜಿ ಹಾಕಿದ ಹಾಗೆ ಸೆಟೆದು ನಿಂತಿರುತ್ತಿತ್ತು. ನಾನಾದರೋ ಮನೆಯಿಂದ ಹೊರಬೀಳುವ ಮುಂಚೆ ಕನ್ನಡಿ ಮುಂದೆ ಮೂರು ಸಲ ನಿಂತು, ಬಳೆಗೆ ಆರು ಪಿನ್ನು ಸಿಕ್ಕಿಸಿಕೊಂಡು, ಬಸ್ ಹತ್ತಿದ ಮೇಲೂ ನೆರಿಗೆ ಮುಟ್ಟಿ ನೋಡಿಕೊಳ್ಳುವವಳು. ನಮ್ಮಿಬ್ಬರನ್ನು ಒಂದೇ ಸೀಟಿನಲ್ಲಿ ಕಂಡ ಕಂಡಕ್ಟರು, "ಆಸ್ಪತ್ರೆಗಾ?" ಎಂದು ಕೇಳಿದ್ದೂ ಉಂಟು. ಪೇಷಂಟು ಯಾರೆಂದುಕೊಂಡನೋ, ನಾನು ವಿಚಾರಿಸಲಿಲ್ಲ.

ಅವರ ಯಜಮಾನರಿಗೆ ತಮ್ಮದೇ ಆದ ದುಃಖವಿತ್ತು. ನಾನು ಹೋದಾಗಲೆಲ್ಲ ಜಗಲಿಯ ಮೇಲೆ ಬನೀನಿನಲ್ಲಿ ಕೂತಿರುತ್ತಿದ್ದರು. "ನನ್ನ ಶರಟು ಬೆಂಗ್ಳೂರು ನೋಡ್ಕಂಡು ಬಂತು ಟೀಚರಮ್ಮ. ಗವರ್ನರ್ ಕೈ ಕುಲುಕ್ತು. ನಾನಿನ್ನೂ ಶಿವಮೊಗ್ಗ ದಾಟಿಲ್ಲ."

ತೀರ್ಥಹಳ್ಳಿಯ ಒಂದು ಸಭೆ. ನಿರೂಪಕಿ ಮೂರು ಸಲ ಹೆಸರು ಕೂಗಿದರೂ ವೇದಿಕೆಯ ಮೇಲಿನ ಕುರ್ಚಿ ಖಾಲಿ. ನನಗೆ ಬೆವರು ಕಿತ್ತುಕೊಂಡಿತು. ಬಾತ್‌ರೂಮಿನಲ್ಲಿ ಬಿದ್ದಿರಬಹುದು, ವಾಪಸು ಬಸ್ ಹತ್ತಿರಬಹುದು, ತುಂಗಾ ನದಿ ಬೇರೆ ಹತ್ತಿರದಲ್ಲೇ ಇದೆ ಎಂದೆಲ್ಲ ಯೋಚಿಸುತ್ತ ಹುಡುಕಿಕೊಂಡು ಹೋದರೆ, ಹಿಂದಿನ ಅಡುಗೆ ಶೆಡ್ಡಿನಲ್ಲಿ ಈಳಿಗೆಮಣೆ ಮೇಲೆ ಕೂತು ಎಲೆಕೋಸು ಹೆಚ್ಚುತ್ತಿದ್ದಾರೆ.

"ಎಂತ ಮಾಡ್ತಿದೀರಿ ಇಲ್ಲಿ? ಅಲ್ಲಿ ಕೂಗ್ತಾ ಇದಾರೆ!"

"ಇಷ್ಟು ಜನಕ್ಕೆ ಪಲ್ಯ ಆಗ್ಬೇಕು, ಇಬ್ರೇ ಅದಾರೆ ಪಾಪ. ಅಲ್ಲಿ ನಂಗೆಂತ ಕೆಲ್ಸ? ಕೂರದು ತಾನೆ? ನೀವೇ ಕೂತ್ಕಳಿ. ನಿಮ್ಗೆ ಚೆಂದ ಬರ್ತದೆ ಅದು."

ಎಳೆದುಕೊಂಡು ಬಂದು ಕೂರಿಸಿದೆ. ಶಾಲು ಹೊದಿಸಿದರು. "ಸೆಕೆ" ಎಂದು ಅದನ್ನು ತೆಗೆದು ಪಕ್ಕದಲ್ಲಿದ್ದ ಅಧ್ಯಕ್ಷರ ಮಡಿಲಿಗೆ ಹಾಕಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರೆ, ಅದನ್ನು ಟಾರ್ಚಿನ ಹಾಗೆ ಹಿಡಿದು, "ಪಲ್ಯ ಇನ್ನೇನು ಆಗ್ತದೆ. ಊಟ ಮಾಡ್ಕಂಡೇ ಹೋಗಿ ಎಲ್ರೂ" ಎಂದರು. ಆ ದಿನದ ಭಾಷಣಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಅದೊಂದಕ್ಕೇ. ಆದರೆ ಹಾಗೆ ಎದ್ದವರು ಮತ್ತೆ ಕೂರಲಿಲ್ಲ. ಅಧ್ಯಕ್ಷರ ಭಾಷಣ ಇನ್ನೂ ಬಾಕಿಯಿತ್ತು. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಇಕ್ಕೇರಿಯ ದೇವಸ್ಥಾನದ ಎದುರು ಒಬ್ಬ ಟಿ.ವಿ. ಹುಡುಗ, "ಅಮ್ಮಾ, ಬುಟ್ಟಿ ಹಿಡ್ಕೊಂಡು ನಿಧಾನ ನಡೀರಿ, ಆಕಾಶ ನೋಡ್ತಾ ನಡೀರಿ" ಎಂದ. ಇವರು ಬುಟ್ಟಿ ಹಿಡಿದು ಸರಸರನೆ ನಡೆದರು. ನಡೆದು ಕ್ಯಾಮರಾ ದಾಟಿ, ಗೇಟು ದಾಟಿ, ರಸ್ತೆಗೆ ಹೋಗಿ ಬಸ್ಸಿಗೆ ಕೈ ತೋರಿಸಿದರು. ಬುಟ್ಟಿ ಟಿ.ವಿ.ಯವರದ್ದು. "ನಿಧಾನ ನಡೆಯಕ್ಕೆ ನಂಗೇನು ಸೊಂಟ ಬಿದ್ದೋಗಿದ್ಯಾ? ಆಕಾಶ ನೋಡ್ತಾ ನಡದ್ರೆ ಎಡವಿ ಬೀಳಲ್ವಾ? ಟೀಚರಾಗಿ ನಿಮ್ಗಾದ್ರೂ ಗೊತ್ತಾಗ್ಬಾರ್ದಾ?" ಎಂದು ಬಸ್ಸಿನಲ್ಲಿ ನನಗೇ ಬೈಗುಳ. ಮಾರನೇ ದಿನ ಆ ಬುಟ್ಟಿಯನ್ನು ಸಾಗರಕ್ಕೆ ಮುಟ್ಟಿಸಿ ಬಂದವಳು ನಾನು.

ಇಷ್ಟೆಲ್ಲ ಯಾಕೆ ಸಹಿಸಿಕೊಂಡೆ ಎಂದರೆ ಶನಿವಾರಗಳಿಗಾಗಿ.

ಪ್ರತಿ ಶನಿವಾರ ಬೆಳಿಗ್ಗೆ ಅವರು ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಚಿತ್ತಾರ ಹೇಳಿಕೊಡುತ್ತಿದ್ದರು. ಯಾರೂ ಕರೆಯದೆ ತಾವಾಗಿಯೇ ಕೈಗೆತ್ತಿಕೊಂಡಿದ್ದ ಒಂದೇ ಕೆಲಸ ಅದು. ಹಿಂದಿನ ಜಗಲಿಯ ಗೋಡೆಯನ್ನು ಹೆಡ್ಮಾಸ್ಟರು ಬಿಟ್ಟುಕೊಟ್ಟಿದ್ದರು. ಅಲ್ಲಿ ಅವರು ಬೇರೆಯೇ ಮನುಷ್ಯೆ. ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತು, "ಗೆರೆ ಮುಗಿಯತನಕ ಉಸ್ರು ಬಿಡ್ಬೇಡ ಮಗಾ. ಉಸ್ರು ಬಿಟ್ಟಲ್ಲಿ ಗೆರೆಗೆ ಗೊತ್ತಾಗ್ತದೆ" ಎನ್ನುತ್ತಿದ್ದರು. ನನ್ನ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಮಕ್ಕಳು ಅಷ್ಟು ನಿಶ್ಶಬ್ದವಾಗಿ ಕೂತದ್ದು ನಾನು ನೋಡಿರಲಿಲ್ಲ. ಓದು ಬರಹದಲ್ಲಿ ಹಿಂದೆ ಬಿದ್ದು, ಶಾಲೆ ಬಿಡುತ್ತೇವೆ ಅನ್ನುತ್ತಿದ್ದ ಮೂರು ಹುಡುಗಿಯರು ಶನಿವಾರಕ್ಕೋಸ್ಕರ ಶಾಲೆಯಲ್ಲಿ ಉಳಿದಿದ್ದರು. ಆ ಜಗಲಿಯಲ್ಲಿ ನಾನು ಯಾವುದಕ್ಕೂ ಹೆದರುತ್ತಿರಲಿಲ್ಲ. ಅದನ್ನು ಕೆಡಿಸಿದವಳೂ ನಾನೇ.

ಸಾಗರದಲ್ಲಿ ಒಂದು ಉತ್ಸವ. ಮಂತ್ರಿಗಳು ಬರುವವರಿದ್ದರು. ಸಮಿತಿಯ ಕಾರ್ಯದರ್ಶಿ ಫೋನು ಮಾಡಿದರು. "ಮೇಡಂ, ಒಂದು ರಿಕ್ವೆಸ್ಟು. ಶರಟು ಮಾತ್ರ ಬೇಡ. ಹಿಂದಿನ ಕಾಲದ ಹಾಗೆ ಹೆಗಲ ಮೇಲೆ ಗಂಟು ಹಾಕಿ ಸೀರೆ ಉಡಿಸಿ. ರವಿಕೆ ಇಲ್ಲದಿದ್ರೆ ಇನ್ನೂ ಸಾಂಪ್ರದಾಯಿಕವಾಗಿರ್ತದೆ." ರವಿಕೆ ಬೇಕೇ ಬೇಕು ಎಂದು ಹೇಳಿದೆ. ನನ್ನ ಆ ದಿನದ ಧೈರ್ಯ ಅಷ್ಟಕ್ಕೇ ಖರ್ಚಾಯಿತು. ಶರಟಿನ ಬಗ್ಗೆ, "ನೋಡ್ಕೋತೀನಿ ಸರ್" ಎಂದೆ. ಪರಿಚಯ ಭಾಷಣ ನನ್ನದಿತ್ತು. ಹೊಸ ಸೀರೆಗೆ ಫಾಲ್ಸ್ ಹೊಲಿಸಿ ಆಗಿತ್ತು. ಮಂತ್ರಿಗಳ ಪಕ್ಕ ನಿಂತ ಫೋಟೋದಲ್ಲಿ ನಡುವೆ ಒಂದು ಮಾಸಿದ ಶರಟು ಬರುವುದು ನನಗೂ ಬೇಡವಾಗಿತ್ತು. ಇದನ್ನು ಬರೆಯುವುದು ಕಷ್ಟ, ಆದರೂ ಬರೆದೆ.

ಸಭಾಂಗಣದ ಹಿಂದಿನ ಕೋಣೆಯಲ್ಲಿ, ನಾನು ತಂದಿದ್ದ ಚೌಕುಳಿ ಸೀರೆ ಬಿಚ್ಚಿ ತೋರಿಸಿದೆ. ಅವರು ಅಂಚು ಮುಟ್ಟಿ ನೋಡಿದರು.

"ಇದು ನಮ್ಮಜ್ಜಿ ಉಡ್ತಿದ್ದಂಥದ್ದು. ಗದ್ದೆ ಕೆಸರಿಗೆ ಅಂತ ಮೇಲೆ ಕಟ್ತಿದ್ಲು. ಅವಳಿಗೆ ಶರಟು ಸಿಕ್ಕಿದ್ರೆ ಅವಳೂ ಹಾಕ್ಕಂತಿದ್ಲು."

"ಇವತ್ತೊಂದಿನ ಉಟ್ಕಳಿ."

"ನಂಗೆ ಶರಟಿಲ್ದೆ ಕೈ ಏಳಲ್ಲ ಟೀಚರಮ್ಮ."

ಹೊರಗೆ ಮೈಕಿನಲ್ಲಿ ಮಂತ್ರಿಗಳು ಬಂದರು ಎಂಬ ಕೂಗು. ಆಗ ನನ್ನ ಬಾಯಿಂದ ಬಂತು: "ಶರಟು ಬಿಡಲ್ವಂತೆ. ಮಂತ್ರಿಗಳಿದ್ದಾರಲ್ಲ, ಪೊಲೀಸರು ಜೇಬಿರೋ ಬಟ್ಟೆ ಹಾಕ್ಕೊಂಡವರನ್ನ ಮೇಲೆ ಹತ್ಸಲ್ವಂತೆ."

"ಹೌದಾ? ಬಾಂಬು ಗೀಂಬು ಇಟ್ಕಂತಾರೆ ಅಂತನಾ?"

"ಹ್ಞೂಂ."

ನಂಬಿದರು. ಕನ್ನಡಕ, ಎಲೆ ಅಡಿಕೆ, ಮೊಬೈಲು, ಕುಂಚ, ಒಂದೊಂದೇ ತೆಗೆದು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿದರು. ಶರಟು ಬಿಚ್ಚಿ, ಮಡಿಸಿ, ಅದನ್ನೂ ಕೊಟ್ಟರು. ಯೂಟ್ಯೂಬ್ ನೋಡಿ ಕಲಿತ ಗಂಟನ್ನು ನಾನು ಅವರ ಹೆಗಲ ಮೇಲೆ ಹಾಕಿದೆ. ಬಳೆಯ ಆರು ಪಿನ್ನೂ ಖರ್ಚಾದವು.

ವೇದಿಕೆಯ ಮೇಲೆ ಅವರು ಎರಡೂ ತೋಳುಗಳನ್ನು ಎದೆಗೆ ಕಟ್ಟಿ, ಚಳಿಯಾದವರ ಹಾಗೆ ಕೂತಿದ್ದರು. ಅರ್ಧ ಕಾಲು ಕಾಣುವ ಸೀರೆಯನ್ನು ಕೆಳಗೆ ಎಳೆಯುವುದು, ಮತ್ತೆ ತೋಳು ಕಟ್ಟುವುದು. ನಾನು ಮೈಕಿನಲ್ಲಿ ಅವರ ಬಗ್ಗೆ ಒಳ್ಳೊಳ್ಳೆ ಮಾತುಗಳನ್ನು ಆಡುತ್ತಿದ್ದೆ. ಆಮೇಲೆ ಸಮಿತಿಯವರು ಕೆಮ್ಮಣ್ಣು ಬಳಿದ ಒಂದು ಹಲಗೆ ತಂದು ನಿಲ್ಲಿಸಿ, ಮಂತ್ರಿಗಳ ಎದುರು ಅವರು ಮೊದಲ ಗೆರೆ ಎಳೆಯಬೇಕು ಎಂದರು. ನನ್ನ ಬ್ಯಾಗಿನಿಂದ ಒಂದು ಕುಂಚ ತೆಗೆದುಕೊಟ್ಟೆ. ಅವರು ಬಲಗೈ ಎತ್ತಿದರು. ಹೆಗಲ ಗಂಟು ಜಾರಿತು. ಎಡಗೈಯಲ್ಲಿ ಸೀರೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಕುಂಚ ಒರೆಸಲು ತೋಳಿಲ್ಲದೆ, ಬಲಗೈಯಲ್ಲಿ ಎಳೆದರು. ಹಿಟ್ಟು ತೊಟ್ಟಿಕ್ಕಿತು. ಗೆರೆ ಅರ್ಧಕ್ಕೆ ನಡುಗಿ, ಬಾಗಿ, ಹೇಗೋ ತುದಿ ಮುಟ್ಟಿತು. ಸಭೆ ಚಪ್ಪಾಳೆ ಹೊಡೆಯಿತು. ಅವರು ತಿರುಗಲಿಲ್ಲ. ಆ ಗೆರೆಯನ್ನೇ ನೋಡುತ್ತ ನಿಂತಿದ್ದರು.

ಕೆಳಗಿಳಿದು ಗೇಟಿನ ಹತ್ತಿರ ಬಂದೆವು. ಪೊಲೀಸರು ನಿಂತಿದ್ದರು. ಮಂತ್ರಿಗಳಿಗೆ ಹಾರ ಹಾಕಲು ಹತ್ತಿಪ್ಪತ್ತು ಗಂಡಸರು ಒಳಗೆ ನುಗ್ಗುತ್ತಿದ್ದರು. ನನ್ನ ಪಕ್ಕ ನಡೆಯುತ್ತಿದ್ದವರು ಅಲ್ಲೇ ನಿಂತು, ಆ ಗಂಡಸರನ್ನು ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿದರು.

"ಇವ್ರ ಶರಟಿಗೆಲ್ಲ ಜೇಬು ಅದ್ಯಲ್ಲ ಟೀಚರಮ್ಮ."

ನಾನು ಏನೋ ಗೊಣಗಿದೆ. ಅವರು ಕೈ ಚಾಚಿದರು. ಬ್ಯಾಗಿನಿಂದ ಶರಟು ತೆಗೆದುಕೊಟ್ಟೆ. ಸಾಗರದ ಬಸ್ ಸ್ಟ್ಯಾಂಡಿಗೆ ಬಂದು, ಅಲ್ಲೇ ನಿಂತು ತೊಟ್ಟುಕೊಂಡು ಕುತ್ತಿಗೆಯವರೆಗೂ ಗುಂಡಿ ಹಾಕಿದರು.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಮಕ್ಕಳು ಅಕ್ಕಿಹಿಟ್ಟು ಕಲಸಿಟ್ಟುಕೊಂಡು ಗೇಟು ನೋಡುತ್ತ ಕೂತಿದ್ದು, ಹಿಟ್ಟು ಹುಳಿ ಬಂದ ಮೇಲೆ ಚೆಲ್ಲಿ ಹೋಗುತ್ತಿದ್ದರು. ನಾಲ್ಕನೇ ಶನಿವಾರಕ್ಕೆ ಆ ಮೂರು ಹುಡುಗಿಯರಲ್ಲಿ ಒಬ್ಬಳು ಶಾಲೆಗೇ ಬರಲಿಲ್ಲ. ನನಗೆ ಸಿಟ್ಟು ಬಂತು. ಒಂದು ದಿನ, ಒಂದೇ ಒಂದು ದಿನ ಸೀರೆ ಉಡಿಸಿದ್ದಕ್ಕೆ ಇಷ್ಟಾ? ಇವರಿಗಾಗಿ ನಾನು ಅಲೆದದ್ದೆಷ್ಟು, ಮುಟ್ಟಿಸಿದ ಬುಟ್ಟಿಯೆಷ್ಟು! ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಹಲಸಿನ ಹಪ್ಪಳ ಕೊಟ್ಟರು, ನನ್ನ ಬಿ.ಪಿ. ವಿಚಾರಿಸಿದರು. ಶನಿವಾರ ಬರ್ತೀರಾ ಎಂದರೆ, "ನೋಡನ." ನಮ್ಮ ಕಡೆ ‘ನೋಡನ’ ಅಂದರೆ ಇಲ್ಲ ಎಂದು ಎಲ್ಲರಿಗೂ ಗೊತ್ತು. ಮೂರು ಸಲ ಹೋದೆ. ಸಮಿತಿಯವರನ್ನು ಬೈದೆ, ಮಂತ್ರಿಗಳನ್ನು ಬೈದೆ, ಯೂಟ್ಯೂಬಿನ ಗಂಟನ್ನು ಬೈದೆ. "ಹೌದೌದು" ಎಂದು ಎಲ್ಲದಕ್ಕೂ ತಲೆ ಆಡಿಸಿ ಮತ್ತೆ, "ನೋಡನ."

ನಾಲ್ಕನೇ ಸಲ ಹೋದಾಗ ಬೈಯಲು ಯಾರೂ ಉಳಿದಿರಲಿಲ್ಲ. ಯಜಮಾನರು ಬನೀನಿನಲ್ಲಿ ಕೂತಿದ್ದರು. ಅವರೆದುರೇ ಅವರ ಹೆಂಡತಿಗೆ ಹೇಳಿದೆ: "ಪೊಲೀಸರು ಏನೂ ಹೇಳಿರಲಿಲ್ಲ. ಅದು ನಾನು ಹೇಳಿದ ಸುಳ್ಳು."

"ಗೊತ್ತು" ಎಂದರು ಅವರು.

"ಗೊತ್ತಿದ್ರೆ ಅವತ್ತೇ ಬೈಬಾರ್ದಿತ್ತಾ? ಒಂದು ತಿಂಗಳು ಹಪ್ಪಳ ಯಾಕೆ ತಿನ್ನಿಸಿದ್ರಿ?"

"ನೀನೇ ಹೇಳ್ಲಿ ಅಂತ."

ಅವತ್ತಿನವರೆಗೆ ನನ್ನನ್ನು ‘ನೀವು’ ಎನ್ನುತ್ತಿದ್ದವರು ಅಂದಿನಿಂದ ‘ನೀನು’ ಎಂದರು. ಹಪ್ಪಳದ ತಟ್ಟೆ ಬದಿಗೆ ಸರಿಸಿ ಕೇಳಿದರು: "ಆ ಹಲಗೆ ಎಲ್ಲಿ ಅದೆ ಈಗ?"

"ಸಮಿತಿ ಆಫೀಸಲ್ಲಿ. ಗೋಡೆಗೆ ಹಾಕಿದಾರೆ. ಕೆಳಗೆ ನಿಮ್ಮ ಹೆಸರು ಬರೆಸಿದಾರೆ."

ಅವರು ಎದ್ದು ಅಂಗಳದ ತುದಿಗೆ ಹೋಗಿ ಎಲೆ ಉಗುಳಿ ಬಂದರು. "ಡೊಂಕು ಗೆರೆಗೆ ನನ್ನ ಹೆಸ್ರು. ಅದನ್ನ ಊರೆಲ್ಲ ನೋಡ್ತಾ ಅದೆ. ನಾನು ಬಂದು ಮಕ್ಳಿಗೆ ಉಸ್ರು ಹಿಡೀರಿ ಅಂತ ಯಾವ ಬಾಯಲ್ಲಿ ಹೇಳ್ಲೇ ಮಾರಾಯ್ತಿ?"

ಒಂದು ತಿಂಗಳು ನಾನು ಸೀರೆಯ ಬಗ್ಗೆ ಯೋಚಿಸಿದ್ದೆ, ಸುಳ್ಳಿನ ಬಗ್ಗೆ ಯೋಚಿಸಿದ್ದೆ. ಗೆರೆ ನನ್ನ ತಲೆಗೇ ಬಂದಿರಲಿಲ್ಲ. ಡ್ರಾಯಿಂಗ್ ಟೀಚರು ನಾನು!

ಮಾರನೇ ದಿನ ರಜೆ ಹಾಕಿ ಅವರ ಜೊತೆ ಸಾಗರದ ಬಸ್ ಹತ್ತಿದೆ. ಅವರು ಶರಟಿನಲ್ಲಿದ್ದರು, ಚೀಲದಲ್ಲಿ ಒಂದು ಡಬ್ಬಿ ಕೆಮ್ಮಣ್ಣು, ಒಂದು ಡಬ್ಬಿ ಹಿಟ್ಟು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ: ಬಾಗಿಲು ಹಾಕಿದ್ದರೆ? ಕೊಡುವುದಿಲ್ಲ ಎಂದರೆ? ಅತಿಕ್ರಮ ಪ್ರವೇಶ ಎಂದು ಕೇಸಾದರೆ ನನ್ನ ಪೆನ್ಷನ್ನಿನ ಗತಿ? "ಗೊಣಗ್ಬೇಡ, ನಂಗೂ ಹೆದ್ರಿಕೆ ಆಗ್ತದೆ" ಎಂದರು.

ಕಾರ್ಯದರ್ಶಿಗಳು ಸಂತೋಷದಿಂದಲೇ ಬರಮಾಡಿಕೊಂಡರು. ಹಲಗೆ ಅವರ ಕುರ್ಚಿಯ ಹಿಂದೆಯೇ ತೂಗುತ್ತಿತ್ತು. ವಿಷಯ ಹೇಳಿದೆ.

"ಅಳಿಸೋದಾ! ಮೇಡಂ, ಮಂತ್ರಿಗಳ ಎದುರು ಬರೆದಿದ್ದು ಅದು. ಸ್ಮರಣಿಕೆ. ಮತ್ತೆ, ಸ್ವಲ್ಪ ಡೊಂಕಿದ್ರೇನೆ ಜಾನಪದ ಅಲ್ವಾ?"

ನಾನು ಜೀವಮಾನದಲ್ಲಿ ಕಾರ್ಯದರ್ಶಿಯಾದ ಯಾರಿಗೂ ಎದುರು ಮಾತಾಡಿದವಳಲ್ಲ. "ಸರ್," ಎಂದೆ, ದನಿ ಕೀರಲಾಯಿತು, "ಅವತ್ತು ಶರಟು ತೆಗೆಸಿದ್ದು ನೀವು ಮತ್ತು ನಾನು. ಆ ಗೆರೆ ನಮ್ಮಿಬ್ಬರದ್ದು. ಇಟ್ಕೊಳ್ಳೋದಾದ್ರೆ ಅದರ ಕೆಳಗೆ ನಮ್ಮಿಬ್ಬರ ಹೆಸರು ಹಾಕ್ಸಿ."

ಕಾರ್ಯದರ್ಶಿಗಳು ನನ್ನನ್ನೂ ಹಲಗೆಯನ್ನೂ ನೋಡಿದರು. ಆಮೇಲೆ ತಾವೇ ಕುರ್ಚಿ ಹತ್ತಿ ಇಳಿಸಿಕೊಟ್ಟರು.

ಆಫೀಸಿನ ನೆಲದ ಮೇಲೆ ಹಲಗೆ ಮಲಗಿಸಿ ಅವರು ಗೆರೆಯ ಮೇಲೂ ಹೆಸರಿನ ಮೇಲೂ ಕೆಮ್ಮಣ್ಣು ಬಳಿದರು. ಫ್ಯಾನಿನ ಗಾಳಿಗೆ ಒಣಗಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಗೋಡೆಗೆ ಒರಗಿ ಎಲೆ ಮಡಿಸುತ್ತ, "ಶನಿವಾರಕ್ಕೆ ಅಕ್ಕಿ ನೆನೆ ಹಾಕ್ಸು. ದಪ್ಪಕ್ಕಿ ಆಗ್ಬೇಕು. ಆ ಬರದೇ ಇರೋ ಹುಡ್ಗಿ ಮನೆ ಎಲ್ಲಿ? ಹೋಗ್ತಾ ಹೇಳ್ಕಂಡೇ ಹೋಗನ" ಎಂದರು. ನಾನು ಹ್ಞೂಂ ಎಂದೆ. ಜಾಸ್ತಿ ಮಾತಾಡಿದರೆ ಅತ್ತುಬಿಡುತ್ತೇನೆ ಎಂದು ಹೆದರಿಕೆಯಾಗಿತ್ತು. ಅದರ ಜೊತೆಗೆ ಕೆಮ್ಮಣ್ಣು ಸೀರೆಗೆ ಹಾರಿದೆಯೇನೋ ಎಂದೂ ಹೆದರಿಕೆಯಿತ್ತು.

ಬರೆಯಲು ಕೂತಾಗ ಸುತ್ತ ಜನ ಸೇರಿದ್ದರು. ಟೈಪಿಸ್ಟು, ಚಹಾ ತಂದವರು, ಪಕ್ಕದ ಜೆರಾಕ್ಸ್ ಅಂಗಡಿಯವರು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು. ಸಭೆಗಳಲ್ಲಿ ನಾಲ್ಕು ಜನ ತಿರುಗಿ ನೋಡಿದರೆ ಅಡುಗೆ ಶೆಡ್ಡು ಹುಡುಕುತ್ತಿದ್ದವರು ಒಬ್ಬರ ಕಡೆಗೂ ತಲೆ ಎತ್ತಲಿಲ್ಲ. ಗೆರೆ ಎಳೆದರು, ಎಡತೋಳಿಗೆ ಕುಂಚ ಒರೆಸಿದರು, ಇನ್ನೊಂದು ಗೆರೆ ಎಳೆದರು. ಪ್ರತಿ ಗೆರೆಗೂ ಜೆರಾಕ್ಸ್ ಅಂಗಡಿಯವರು ಉಸಿರು ಹಿಡಿಯುತ್ತಿದ್ದರು, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಗಿಯಿತು. ಹಲಗೆಯನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಕಾರ್ಯದರ್ಶಿಗಳು ಮೆಲ್ಲಗೆ ಮೊಬೈಲು ತೆಗೆದರು. ನಾನು ಓಡಿ ಅಡ್ಡ ನಿಂತೆ: "ಬೇಡ ಸರ್, ಫೋಟೋ ಬೇಡ, ಅವರಿಗೆ ಇಷ್ಟ ಆಗಲ್ಲ!"

"ಬಿಡೇ ಮಾರಾಯ್ತಿ, ತೆಗೀಲಿ" ಎಂದರು ಅವರು. "ಈಗ ಸರಿ ಅದೆ. ನೋಡ್ಕಳ್ಳಿ ಯಾರು ಬೇಕಾದ್ರೂ."

ಕಾರ್ಯದರ್ಶಿಗಳು ಮೊಬೈಲು ಎತ್ತಿ ಹಿಡಿದರು. ನಾನು ಅಭ್ಯಾಸಬಲದಿಂದ ಹಲಗೆಯ ಪಕ್ಕ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಅವರು ನನ್ನ ಮುಂಗೈ ಹಿಡಿದು, ಇಬ್ಬರೂ ಫೋಟೋದೊಳಗೆ ಬಾರದಷ್ಟು ದೂರಕ್ಕೆ ಎಳೆದುಕೊಂಡರು.